ಮದ್ದೂರಿನ ಕಲ್ಯಾಣ ಮಂಟಪದಲ್ಲಿ ಹಕ್ಕಲು ಆಯುವವರು

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಮಳವಳ್ಳಿಯ ಬಸ್ಸು ಹತ್ತಿದೆ. ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದು ಕೊಡುತ್ತಾರೆ. ಸೀಟೂ ಇರಲಿಲ್ಲ. ನಲವತ್ತು ಕಿಲೋಮೀಟರಿನಷ್ಟು ದಾರಿಯನ್ನು ಕಂಬಿ ಹಿಡಿದು ನಿಂತೇ ಕಳೆದೆ. ಮಂಜು ಇನ್ನೂ ಸರಿದಿರಲಿಲ್ಲ. ನಾಲೆಯ ಕೆಳಗಿನ ಗದ್ದೆಗಳಲ್ಲಿ ಕೊಯ್ಲು ಮುಗಿದು ಬರೀ ಕೂಳೆ ಕಾಣುತ್ತಿತ್ತು.

ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಳವಳ್ಳಿಯ ಸುಜಾತ ಹಳೆಯ ಕಾಲದ ಚಿತ್ರಗಳಲ್ಲಿ ದುಡಿಯುವ ಜನರಿರುವಂಥವನ್ನೇ ಆರಿಸಿ, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಕೈಯಾರೆ ನಕಲು ಮಾಡುತ್ತಾಳೆ ಎಂದು ಕೇಳಿದ್ದೆ. ಮದ್ದೂರಿನ ಹತ್ತಿರದ ಹೊಸ ಕಲ್ಯಾಣ ಮಂಟಪಕ್ಕೆ ಅವಳು ಬರೆದುಕೊಟ್ಟ ಚಿತ್ರವೊಂದನ್ನು ಅವಳ ಜೊತೆಯಲ್ಲೇ ನಿಂತು ನೋಡಬೇಕೆಂಬುದು ನನ್ನ ಆಸೆ.

ಅವಳ ಮನೆಯ ನಡುಮನೆಯೇ ಕೆಲಸದ ಜಾಗ. ಬುದ್ಧನ ಪಟದ ಕೆಳಗೆ ಕಲ್ಲು ಒಡೆಯುವ ಇಬ್ಬರು ಗಂಡಸರ ಚಿತ್ರ ಅರ್ಧಕ್ಕೆ ನಿಂತಿತ್ತು. ಅವಳ ತಾಯಿ ಕೆಂಪಮ್ಮ ಬಿಸಿ ಇಡ್ಲಿ ಹಾಕಿಕೊಟ್ಟರು. ಮದ್ದೂರಿನ ಚಿತ್ರ ಯಾವುದೆಂದು ಸುಜಾತ ಫೋನಿನಲ್ಲಿ ತೋರಿಸಿದಳು. ನೂರೈವತ್ತು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಬರೆದದ್ದು. ಕೊಯ್ಲಾದ ಹೊಲದಲ್ಲಿ ಮೂವರು ಬಡ ಹೆಂಗಸರು ಬಗ್ಗಿ, ಉದುರಿದ ತೆನೆಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಹಕ್ಕಲು, ಆಯುತ್ತಿದ್ದಾರೆ. ತುಂಬಾ ಹಿಂದೆ, ಹುಲ್ಲಿನ ಮೆದೆಗಳ ಬಳಿ, ಕಾಳಿನಷ್ಟು ಚಿಕ್ಕದಾಗಿ ಕುದುರೆಯ ಮೇಲೊಬ್ಬ ಮೇಸ್ತ್ರಿ. ಅಲ್ಲಿನ ಸಿರಿವಂತರಿಗೆ ಆಗಲೇ ಈ ಚಿತ್ರ ಹಿಡಿಸಿರಲಿಲ್ಲವಂತೆ.

ಆ ಹೆಂಗಸರ ಬೆರಳು ಬರೆಯುವಾಗ ಸುಜಾತ ತಾಯಿಯನ್ನು ಎದುರಿಗೆ ಬಗ್ಗಿಸಿ ನಿಲ್ಲಿಸಿಕೊಂಡಿದ್ದಳು. ಬೇಸರವಾಗಲಿಲ್ಲವೇ ಎಂದು ಕೆಂಪಮ್ಮನನ್ನು ಕೇಳಿದೆ.

“ಇದ್ರಲ್ಲಿ ಬ್ಯಾಸ್ರ ಏನು ಬಂತು ಕಣವ್ವ? ನಾವು ಅಕ್ಕಲು ಆಯಕ್ಕೂ ಒಲದೋರ ಅಪ್ಣೆ ಕೇಳ್ಬೇಕಿತ್ತು. ಅವ್ರು ಬ್ಯಾಡ ಅಂದ್ರೆ ಬರೀ ಮಡ್ಲಲ್ಲಿ ವಾಪಸ್ ಬತ್ತಿದ್ವಿ.”

ಹತ್ತು ಗಂಟೆಯ ಬಸ್ಸಿಗೆ ಸುಜಾತಳೂ ನಾನೂ ಮದ್ದೂರಿಗೆ ಹೊರಟೆವು. ಬಿಸಿಲು ಏರಿತ್ತು. ಮದ್ದೂರಿನಲ್ಲಿ ಇಳಿದು, ಆಟೋದವನಿಗೆ ಎಂಬತ್ತು ರೂಪಾಯಿ ಕೊಟ್ಟು ಮಂಟಪ ಸೇರಿದೆವು. ಮಾರನೆಯ ದಿನ ಮದುವೆ. ಚಪ್ಪರಕ್ಕೆ ಬಾಳೆಕಂಬ ಕಟ್ಟುತ್ತಿದ್ದರು. ಊಟದ ಹಾಲಿನ ಗೋಡೆಯಲ್ಲಿ, ಎರಡು ದೀಪಗಳ ನಡುವೆ, ಚಿತ್ರವಿತ್ತು.

ಸುಜಾತ ಅದರ ಮುಂದೆ ಹೋಗಿ ನಿಂತಳು. ಕುದುರೆ ಸವಾರ ಮುಂದಕ್ಕೆ ಬಂದಿದ್ದ. ಕಾಳಿನಷ್ಟಿದ್ದವನು ಈಗ ಚಿತ್ರದ ಅರ್ಧ ತುಂಬಿದ್ದ. ತಲೆಗೆ ಜರಿ ಪೇಟ, ಹುರಿಮೀಸೆ, ಬೆರಳಿಗೆ ಉಂಗುರ. ಮೂರನೆಯ ಹೆಂಗಸು ಕುದುರೆಯ ಹೊಟ್ಟೆಯ ಕೆಳಗೆ ಮುಚ್ಚಿಹೋಗಿದ್ದಳು. ಉಳಿದಿಬ್ಬರು ಅವನ ಕಾಲಿಗೆ ಬೀಳುತ್ತಿರುವಂತೆ ಕಾಣುತ್ತಿದ್ದರು. ಮೂಲೆಯಲ್ಲಿ ಸುಜಾತಳ ಹೆಸರು ಹಾಗೇ ಇತ್ತು.

ಮಾಲೀಕರು ಬಂದರು. ಐವತ್ತರ ಆಸುಪಾಸಿನವರು, ಬಿಳಿ ಅಂಗಿ, ನಗುಮುಖ. ಸವಾರ ಅವರ ತೀರಿಹೋದ ತಂದೆಯಂತೆ. ಬೋರ್ಡು ಬರೆಯುವವನೊಬ್ಬನನ್ನು ಕರೆಸಿ ಆ ವಾರವೇ ಸುಜಾತಳ ಚಿತ್ರದ ಮೇಲೇ ಬರೆಸಿದ್ದರು. ನಮ್ಮಿಂದ ಮೆಚ್ಚುಗೆಯನ್ನೇ ನಿರೀಕ್ಷಿಸಿದಂತಿತ್ತು.

“ಮದ್ವೆ ಮನೇಲಿ ಕೂಲಿ ಎಂಗಸ್ರು ಬೆನ್ನು ಬಗ್ಗುಸ್ಕಂಡು ನಿಂತಿದ್ರೆ ಚೆಂದ ಇರ್ತದಾ ಏಳಮ್ಮ? ಯಜಮಾನ ಅಂತ ಒಬ್ಬ ಕಾಣ್ಬೇಕು.”

ನನಗೆ ಮೈ ಉರಿಯಿತು. ಗೋಡೆ ನಿಮ್ಮದಿರಬಹುದು, ಇವಳ ತಾಯಿಯ ಕೈಯನ್ನು ನಿಮ್ಮಪ್ಪನ ಕಾಲಿಗೆ ಮುಟ್ಟಿಸುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ. ಇದು ಫಾರಿನ್ ಚಿತ್ರ, ಇದರಲ್ಲಿ ಯಾರ ತಾಯಿಯೂ ಇಲ್ಲ ಎಂದರು ಅವರು. ಅಷ್ಟು ಹೊತ್ತಿಗೆ ಸುಜಾತ ಕುರ್ಚಿ ಎಳೆದು ಹತ್ತಿ, ಕುದುರೆಯ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದ್ದಳು. ಬೆರಳಿಗೆ ಕಂದು ಬಣ್ಣ ಹತ್ತಿತು. ಮೇಲಿನ ಬಣ್ಣ ಒಣಗಿರಲಿಲ್ಲ. ಅವಳದು ಒಣಗಿ ತಿಂಗಳುಗಳಾಗಿದ್ದವು.

ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಒರೆಸತೊಡಗಿದಳು. ಮೊದಲು ಹೊಟ್ಟೆ, ಆಮೇಲೆ ಕಾಲು, ಆಮೇಲೆ ಉಂಗುರದ ಕೈ. ಮಾಲೀಕರು ಕೂಗಾಡಿದರು, ಪೊಲೀಸರನ್ನು ಕರೆಸುವೆನೆಂದರು. ಕರೆಸಿ ಎಂದು ನಾನು ಕುರ್ಚಿಗೆ ಅಡ್ಡ ನಿಂತೆ. ಬಾಳೆಕಂಬ ಕಟ್ಟುವವರು ಕೆಲಸ ಬಿಟ್ಟು ಬಂದು ನೋಡುತ್ತಿದ್ದರು, ಯಾರೂ ತಡೆಯಲಿಲ್ಲ. ಪೇಟ ಹೋಯಿತು, ಮೀಸೆ ಹೋಯಿತು. ಕಂದು ರಾಡಿಯ ಒಳಗಿಂದ ಮೂರನೆಯ ಹೆಂಗಸಿನ ಬೆನ್ನು ಮೂಡಿತು.

ಮಾಲೀಕರ ಮುಖ ಕೆಂಪೇರಿತ್ತು. ಈ ದರಿದ್ರವನ್ನು ಹೊತ್ತುಕೊಂಡು ಹೋಗಿ, ನನಗೆ ಬೇಡ ಎಂದರು. ನನಗೆ ಒಳಗೇ ಸಂತೋಷವಾಯಿತು. ನಮ್ಮ ಶಾಲೆಯಲ್ಲಿ ಹಾಕೋಣ, ಮಕ್ಕಳು ನೋಡಲಿ ಎಂದು ಸುಜಾತಳಿಗೆ ಹೇಳಿದೆ. ಅವಳು ನನ್ನ ಮೇಲೂ ಸಿಟ್ಟಾದಳು.

“ಅಕ್ಕಲು ಆಯ್ದಿದ್ನ ನಿಮ್ ಮಕ್ಳಿಗೆ ಅವ್ರ ಅಜ್ಜೀರೇ ಹೇಳಿರ್ತಾರೆ ಮೇಡಂ. ಗೊತ್ತಾಗ್ಬೇಕಿರೋದು ಇಲ್ಲಿ ಎಲೆ ಮುಂದೆ ಕೂರೋರ್ಗೆ. ನಾನು ಇದನ್ನ ಎತ್ಕೊಂಡು ಓಗಲ್ಲ.”

ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಮಾಲೀಕರು ಸೋತದ್ದು ನಮ್ಮ ಮಾತಿಗಲ್ಲ. ಬೆಳಗಾದರೆ ಮದುವೆ, ಚಿತ್ರ ತೆಗೆದರೆ ಅದರ ಹಿಂದಿನ ಬಣ್ಣವಿಲ್ಲದ ಗೋಡೆ ಬೋಳಾಗಿ ಕಾಣುತ್ತದೆ. ಸದ್ಯಕ್ಕೆ ಇರಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಗೊಣಗಿ ಹೋದರು. ಅಷ್ಟು ದುಡಿಮೆಯ ಬೆಲೆ ಒಂದು ಬೋಳು ಗೋಡೆ! ನನಗೆ ಈಗಲೂ ಅದು ಜೀರ್ಣವಾಗಿಲ್ಲ. ಬಾಗಿಲಿನಿಂದ ತಿರುಗಿ ನೋಡಿದೆ. ಮೂವರೂ ಇದ್ದರು, ಸುತ್ತ ಕೆಸರಿನಂಥ ಕಲೆ.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಕಾಫಿ ಕುಡಿದೆವು. ಅವರು ಮತ್ತೆ ಬರೆಸಿಯೇ ಬರೆಸುತ್ತಾರೆ, ಆಗೇನು ಮಾಡುತ್ತೀಯ ಎಂದು ಕೇಳಿದೆ.

“ತಿಂಗ್ಳಿಗೊಂದ್ ಮದ್ವೆ ಆದ್ರೂ ಇದ್ದೇ ಇರ್ತದೆ ಮೇಡಂ,” ಎಂದಳು. “ಕರೀದಿದ್ರೂ ಬತ್ತೀನಿ, ಬರ್ಸಿದ್ರೆ ಒರುಸ್ತೀನಿ. ಅವ್ವನ್ನೂ ಕರ್ಕೊಂಡೇ ಬತ್ತೀನಿ. ಆ ಚಿತ್ರದ್ ಕೆಳ್ಗೇ ಕೂತು ಉಂಡು ಓಯ್ತೀವಿ.”

ಮಳವಳ್ಳಿಯ ಬಸ್ಸು ಬಂತು. ಬಣ್ಣ ಮೆತ್ತಿದ ದುಪಟ್ಟಾವನ್ನು ಹೆಗಲಿಗೆ ಎಳೆದುಕೊಂಡು, ನೂಕುನುಗ್ಗಲಿನಲ್ಲಿ ಮೊಣಕೈ ಚಾಚಿ ದಾರಿ ಮಾಡಿಕೊಳ್ಳುತ್ತಾ ಅವಳು ಒಳಗೆ ಹೋದಳು.