ಚುಕ್ಕಿಯಿಲ್ಲದ ನಾಲ್ಕು ನಿಂಬೆಹಣ್ಣು

ಕೇಳ್ರಪ್ಪಾ, ದಂಡೋತಿಯ ನಮ್ಮ ನಿಂಬೆ ತೋಟಕ್ಕೆ ಇವತ್ತು, ಹಣ್ಣಿನ ಮೇಲೆ ಚುಕ್ಕಿ ಬೀಳಿಸುವ ಕಜ್ಜಿ ರೋಗದ ತಪಾಸಣೆಗೆ ತೋಟಗಾರಿಕೆ ಇಲಾಖೆಯ ಸಾಹೇಬರು ಬಂದಿದ್ದರು. ರೋಗ ಇದೆಯೆಂದು ಅವರು ಬರೆದರಷ್ಟೇ ನಮಗೆ ಸರ್ಕಾರದ ಔಷಧ. ಅವರದು ಹೊಸ ಜೀಪು, ಇನ್ನೂ ಪೂಜೆಯಾಗಿರಲಿಲ್ಲ.

"ಗಾಲಿ ಕೆಳಗ ಇಡ್ಲಿಕ್ಕೆ ನಾಕು ನಿಂಬಿಹಣ್ಣು ಕೊಡ್ರಿ. ಚುಕ್ಕಿ ಇರಬಾರ್ದು ನೋಡ್ರಿ" ಅಂದರು.

ಇಡೀ ತೋಟ ಜಾಲಾಡಿ ಅಂಥ ನಾಲ್ಕು ಹಣ್ಣು ಹುಡುಕಲು ಅವ್ವನಿಗೆ ಒಂದು ತಾಸು ಹಿಡಿಯಿತು. ಸಾಹೇಬರು ನೆರಳಲ್ಲಿ ಕುಳಿತು ಮಜ್ಜಿಗೆ ಕುಡಿದರು. ಹಣ್ಣು ಕೈಗೆ ಬಂದಾಗ ತಿರುಗಿಸಿ ನೋಡಿ, "ಭಾಳ ಛಂದ ಅದಾವ" ಎನ್ನುತ್ತಾ 'ರೋಗವಿಲ್ಲ' ಎಂದು ಬರೆದುಕೊಂಡರು.

"ಒಂದ್ ಗಿಡಾನರ ನೋಡ್ರಿ ಸಾಹೇಬ್ರ" ಅಂದಳು ಅವ್ವ.

"ಹಣ್ಣೇ ನೋಡೀನಲ್ರಿ ಅಮ್ಮಾ."

ನಮ್ಮ ತೋಟದಲ್ಲಿ ರೋಗವಿಲ್ಲ ಎನ್ನಲಿಕ್ಕೆ ಇದ್ದದ್ದು ಆ ನಾಲ್ಕೇ ಸಾಕ್ಷಿ. ಅವುಗಳ ಮೇಲೂ ಸರ್ಕಾರ ಗಾಲಿ ಹಾಯಿಸಿಕೊಂಡು ಹೋಯಿತು.