ಸಮ ಚಿಹ್ನೆಗೆ ಹೊಸ ಅರ್ಥ

ತೊಂಬತ್ತರ ದಶಕದಲ್ಲಿ ಅಫಜಲಪುರದ ಕಾಲೇಜೊಂದರ ಉಪನ್ಯಾಸಕರಿಗೆ ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಹೋಗಿದ್ದೆ. "ಒಂದರಲ್ಲಿರುವುದನ್ನು ಇನ್ನೊಂದಕ್ಕೆ ಕೊಡುವ ಸಮ ಚಿಹ್ನೆಯ ಅರ್ಥವನ್ನು ಇಲ್ಲಿ ನಾವೇ ಬದಲಿಸಬಹುದು" ಎಂದೆನೋ ಇಲ್ಲವೋ, ಗಣಿತ ಕಲಿಸುವ ಶಿವಲೀಲಾ ಮೇಡಂ ಎದ್ದು ನಿಂತರು.

"ಬ್ಯಾಡ್ರಿ ಸರ್. ಸಮ ಅಂದ್ರ ಸಮ. ಒಬ್ಬೊಬ್ರು ಒಂದೊಂದು ಅರ್ಥ ಹಚ್ಚಿದ್ರ ಹುಡುಗ್ರು ಯಾರನ್ನ ನಂಬಬೇಕು?"

ಎಲ್ಲರೂ ನಕ್ಕರು. ನಾನು ಕಂಪ್ಯೂಟರಿನ ಮುಂದೆ ಮೇಡಂ ಅವರನ್ನೇ ಕೂರಿಸಿ, ಅವರ ತರಗತಿಯ ವೇಳಾಪಟ್ಟಿ ಟೈಪ್ ಮಾಡಿಸಿದೆ. ಸಮ ಚಿಹ್ನೆ ಹಾಕಿ ಅದರ ನಕಲು ತೆಗೆಸಿದೆ. ಅವರು ನಕಲಿನಲ್ಲಿ ಸೋಮವಾರದ ಪಾಠ ಅಳಿಸಿದರೆ ಮೂಲದಲ್ಲೂ ಅಳಿಸಿಹೋಯಿತು.

"ಅಯ್ಯ, ಇದು ನಕಲೇ ಅಲ್ಲಲ್ರಿ! ಒಂದ ಪಟ್ಟಿಗೆ ಎರಡು ಹೆಸರು ಇಟ್ಟಂಗಾತು."

"ಹೌದ್ರಿ ಮೇಡಂ. ಪಟ್ಟಿ ಇರುವ ಜಾಗದ ವಿಳಾಸ ಮಾತ್ರ ನಕಲಾಯಿತು. ಅದಕ್ಕೇ ಸಮ ಚಿಹ್ನೆ ನಿಜವಾದ ನಕಲು ಹೇಗೆ ಮಾಡಬೇಕೆಂದು ನಾವು ಬರೆದುಕೊಡಬೇಕು."

ಮೇಡಂ ಪರದೆಯ ಮೇಲಿನ ಎರಡೂ ಪಟ್ಟಿಗಳತ್ತ ಬೆರಳು ತೋರಿಸಿದರು. "ಹಂಗಿದ್ರ ಬರೀಬಹುದು. ಆದ್ರ ಎರಡೂ ಸಮ ಇರಬೇಕು, ಬ್ಯಾರೆ ಬ್ಯಾರೆನೂ ಇರಬೇಕು. ಅಷ್ಟಕ್ಕ ಮಾತ್ರ ಪರವಾನಗಿ!"

ಆ ಸಾಲುಗಳನ್ನು ಅವರೇ ಬರೆದರು. ಈ ಸಲ ನಕಲಿನಲ್ಲಿ ಪಾಠ ಅಳಿಸಿದರೂ ಮೂಲ ಹಾಗೇ ಉಳಿಯಿತು. ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಮರುದಿನ ಕೂಡುವ ಚಿಹ್ನೆಗೆ ಹೊಸ ಅರ್ಥ ಕೊಡುವ ಪಾಠವಿತ್ತು. ನಾನು ಹೋಗುವಷ್ಟರಲ್ಲಿ, ಅದಕ್ಕೆ ಪರವಾನಗಿ ಕೊಡಬೇಕೋ ಬೇಡವೋ ತೀರ್ಮಾನಿಸಲು ಮೇಡಂ ಇಡೀ ಗಣಿತ ವಿಭಾಗವನ್ನೇ ಕರೆತಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು.