ಜುಲೈ ಒಂದರ ಕೇಕು

ಯಾರೂ ಕೇಳದಿದ್ದರೂ ಒಳ್ಳೆಯದು ಮಾಡಲು ಹೋಗುವ ಚಟ ನನಗೆ ಸಣ್ಣಂದಿನಿಂದ ಇದೆ. "ಗಣಪತಿ ಮಾಡಾಕ್ ಹೋಗಿ ಅವರಪ್ಪನ್ನ ಮಾಡೂದ್ರಾಗ ನೀ ಭಾಳ ಶಾಣ್ಯಾಕಿ" ಎಂದು ಹುಬ್ಬಳ್ಳಿಯಲ್ಲಿ ನಮ್ಮವ್ವ ಬೈಯುತ್ತಿದ್ದಳು. ೨೦೦೫ರ ಬೇಸಿಗೆಯಲ್ಲಿ, ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಒಂದು ಕೇಕು ಕೊಂಡು ತಂದು ಅವ್ವನ ಮಾತನ್ನು ಮತ್ತೊಮ್ಮೆ ನಿಜ ಮಾಡಿದೆ.

ನಮ್ಮ ಅಪಾರ್ಟ್‌ಮೆಂಟಿನ ರಸ್ತೆಯಾಚೆ ಒಂದು ಟೌನ್‌ಹೌಸಿನಲ್ಲಿ ಇಬ್ಬರು ಸೊಮಾಲಿ ಹೆಂಗಸರು ಸೇರಿ ಡೇಕೇರ್ ನಡೆಸುತ್ತಿದ್ದರು. ಇಬ್ಬರಿಗೂ ಐವತ್ತರ ಆಚೀಚೆ. ಒಬ್ಬರು ಉತ್ತರದ ಹರ್ಗೇಸಾ ಊರಿನವರು, ಇನ್ನೊಬ್ಬರು ದಕ್ಷಿಣದ ಮೊಗದಿಶುವಿನವರು. ನಾನು ಹುಬ್ಬಳ್ಳಿಯವಳು, ನಮ್ಮ ಮನೆಯವರು ಮೈಸೂರಿನವರು. ಹಾಗಾಗಿ ನಮ್ಮ ಬಾಯಲ್ಲಿ ಅವರು ಉತ್ತರದ ಆಂಟಿ, ದಕ್ಷಿಣದ ಆಂಟಿ ಆಗಿಬಿಟ್ಟರು. ಮನೆ ದಕ್ಷಿಣದ ಆಂಟಿಯದು. ಅಡುಗೆ, ಕಾಗದಪತ್ರ ಅವರು ನೋಡುತ್ತಿದ್ದರು. ಕೂಸುಗಳಿಗೆ ಉಣಿಸುವುದು, ಮಲಗಿಸುವುದು ಉತ್ತರದ ಆಂಟಿಯ ಪಾಲು. ಅವರು ಎರಡು ಬಸ್ ಸ್ಟಾಪಿನಾಚೆಯಿಂದ ಬೆಳಿಗ್ಗೆ ಏಳಕ್ಕೆಲ್ಲ ಬರುತ್ತಿದ್ದರು. ಇಬ್ಬರೂ ನನ್ನ ಜೊತೆ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ನನ್ನ ನೆನಪಿನಲ್ಲಿ ಆ ಮಾತುಗಳೆಲ್ಲ ಕನ್ನಡದಲ್ಲೇ ಕೂತಿವೆ.

ನನ್ನ ಮಗಳಿಗೆ ಆಗ ಒಂಬತ್ತು ತಿಂಗಳು. ನನ್ನ ಕೈತುತ್ತಿಗೆ ಬಾಯಿ ಬಿಗಿಯುತ್ತಿದ್ದ ಆ ಗಯ್ಯಾಳಿ, ಉತ್ತರದ ಆಂಟಿ ಅನ್ನಕ್ಕೆ ಬಾಳೆಹಣ್ಣು ಕಿವುಚಿ ಕೊಟ್ಟರೆ ಬಟ್ಟಲು ಖಾಲಿ ಮಾಡುತ್ತಿದ್ದಳು. ನಾನು ಹತ್ತಿರದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ನಮ್ಮ ಮನೆಯವರ ಆಫೀಸು ನದಿಯಾಚೆ ಶ್ಯಾಂಟಿಲಿಯಲ್ಲಿ. ಆರಕ್ಕೆ ಕಾರು ಹತ್ತಿದರೆ ಮತ್ತೆ ಮುಖ ಕಾಣುವುದು ಸಂಜೆಗೆ. ಆ ಡೇಕೇರ್ ಇಲ್ಲದಿದ್ದರೆ ನನ್ನ ನೌಕರಿಯೂ ಇರುತ್ತಿರಲಿಲ್ಲ. ಅಲ್ಲಿನ ನಿಯಮವೊಂದನ್ನು ಇಲ್ಲೇ ಹೇಳಿಬಿಡಬೇಕು: ಎರಡು ವರ್ಷದೊಳಗಿನ ಕೂಸುಗಳು ಎರಡಕ್ಕಿಂತ ಹೆಚ್ಚಿದ್ದರೆ ಮನೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಅಲ್ಲಿ ನಾಲ್ಕು ಕೂಸುಗಳಿದ್ದವು. ಒಬ್ಬರು ಹೋದರೆ ಬಾಗಿಲು ಮುಚ್ಚಬೇಕು.

ಈಗ ಕೇಕಿನ ವಿಷಯ. ಜೂನ್ ಕೊನೆಯಲ್ಲಿ ಒಂದು ದಿನ ಸುಮ್ಮನೆ ಇಂಟರ್ನೆಟ್ಟಿನಲ್ಲಿ ಸೊಮಾಲಿಯಾದ ಬಗ್ಗೆ ಓದುತ್ತ ಕೂತಿದ್ದೆ. ಉತ್ತರ ಬ್ರಿಟಿಷರ ಕೈಯಲ್ಲಿತ್ತಂತೆ, ದಕ್ಷಿಣ ಇಟಲಿಯವರ ಕೈಯಲ್ಲಿ. ೧೯೬೦ರ ಜುಲೈ ಒಂದರಂದು ಎರಡೂ ಸೇರಿ ಒಂದೇ ದೇಶವಾಯಿತು. ನೀಲಿ ಬಾವುಟದ ಮೇಲಿನ ಬಿಳಿ ನಕ್ಷತ್ರಕ್ಕೆ ಐದು ಮೂಲೆ ಯಾಕೆಂದರೆ, ಸೊಮಾಲಿ ಜನ ಐದು ಕಡೆ ಹಂಚಿಹೋಗಿದ್ದರು. ಐದು! ನಾನು ಕುರ್ಚಿಯಿಂದ ಎದ್ದೇ ನಿಂತೆ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಕನ್ನಡಿಗರೂ ಐದು ಕಡೆ ಹರಿದು ಹಂಚಿಹೋಗಿದ್ದವರಲ್ಲವೇ? ನಮ್ಮಪ್ಪ ಏಕೀಕರಣದ ಗಲಾಟೆಯಲ್ಲಿ ಲಾಠಿ ಏಟು ತಿಂದವರು. ಬೆನ್ನ ಮೇಲಿನ ಗುರುತನ್ನು ಪ್ರತಿ ನವೆಂಬರ್ ಒಂದಕ್ಕೆ ನಮಗೆಲ್ಲ ತೋರಿಸುತ್ತಿದ್ದರು. ಆ ಮನೆಯಲ್ಲಿ ಬೆಳೆದ ನನಗೆ, ಒಂದು ನುಡಿಯ ಜನ ಒಂದಾದ ದಿನ ಅಂದರೆ ಎಲ್ಲರಿಗೂ ಹಬ್ಬವೇ. ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ರಾಜ್ಯೋತ್ಸವದ ಹಳದಿ ಕೆಂಪು ಕೇಕಿಗೆ ಆರ್ಡರ್ ಕೊಡುತ್ತಿದ್ದವಳೂ ನಾನೇ. ಇನ್ನು ಕೇಳಬೇಕೆ.

ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ ಆ ವಾರ ಎಲ್ಲ ಕೇಕುಗಳ ಮೇಲೂ ಅಮೆರಿಕದ ಪಟ್ಟೆ, ಅಮೆರಿಕದ ನಕ್ಷತ್ರಗಳು. "ಒಂದೇ ನಕ್ಷತ್ರ ಸಾಕಾ? ನಿಜವಾಗ್ಲೂ?" ಎಂದು ಬೇಕರಿಯವಳು ಎರಡು ಸಲ ಕೇಳಿದಳು. ನೀಲಿ ಕೆನೆಯ ಮೇಲೆ ಒಂದೇ ಬಿಳಿ ನಕ್ಷತ್ರ ಸಾಕು ಎಂದೆ. ಶುಕ್ರವಾರ ಮಧ್ಯಾಹ್ನ ಲ್ಯಾಬಿನಿಂದ ಬೇಗ ಹೊರಟು, ಕೂಸುಗಳು ಮಲಗಿದ್ದ ಹೊತ್ತಿಗೆ ಡಬ್ಬಿ ತೆರೆದು ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು, "ಹ್ಯಾಪಿ ನ್ಯಾಶನಲ್ ಡೇ!" ಎಂದು ಕೂಗಿದೆ.

ದಕ್ಷಿಣದ ಆಂಟಿ ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು. "ನಮ್ಮಪ್ಪ ಆ ಬಾವುಟ ಏರಿದ್ದನ್ನ ನೋಡಿದ್ರು, ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ರಂತೆ," ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನೋಡ್ತಿರು, ಒಂದು ದಿನ ನಾವು ಮತ್ತೆ ಒಂದಾಗ್ತೀವಿ," ಎಂದುಬಿಟ್ಟರು.

ಉತ್ತರದ ಆಂಟಿ ಕೇಕನ್ನೇ ನೋಡುತ್ತಿದ್ದರು. ಕೈಲಿದ್ದ ಹಾಲಿನ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ನನಗೂ ತಿಳಿಯಲೆಂದೋ ಏನೋ ಇಂಗ್ಲಿಷಿನಲ್ಲೇ ಕೇಳಿದರು: "ನಿನ್ನ ಆ ಒಂದಾಗೋದರಲ್ಲಿ ನನ್ನ ಅಣ್ಣ ಎಲ್ಲಿದ್ದಾನೆ?" ಆಮೇಲೆ ಇಬ್ಬರೂ ತಮ್ಮ ಭಾಷೆಗೆ ಇಳಿದರು. ದನಿ ಏರಿತು. ನಾಲ್ಕೂ ಕೂಸುಗಳು ಎದ್ದು ಕಿರುಚಿದವು. ಉತ್ತರದ ಆಂಟಿ ಪರ್ಸು ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು. ನಾನು ಪ್ಲಾಸ್ಟಿಕ್ ಚಾಕು ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ.

"ನಾ ಏನ್ ತಪ್ಪ್ ಮಾಡೇನ್ರೀ? ವಿಶ್ ಮಾಡೂದೂ ತಪ್ಪೇನು?" ಎಂದು ಮನೆಗೆ ಬಂದು ಗಂಡನ ಮೇಲೆ ಎಗರಿದೆ. ಅವರು ನಗಲಿಲ್ಲ. "ನಮ್ಮ ತಾತ ಸಾಯೋವರೆಗೂ ಒಂದೇ ಹಾಡು ಹಾಡ್ತಿದ್ರು ಕಣೆ. ಮೈಸೂರು ನಮ್ಮ ಪಾಡಿಗೆ ಚೆನ್ನಾಗಿತ್ತು, ಇವರನ್ನೆಲ್ಲ ಯಾಕೆ ಸೇರಿಸ್ಕೊಂಡ್ವೋ ಅಂತ. ನಿಮ್ಮಪ್ಪನ ಮುಂದೆ ಹೇಳೋಕೆ ನನಗೆ ಧೈರ್ಯ ಇರ್ಲಿಲ್ಲ, ಅಷ್ಟೆ. ನವೆಂಬರ್ ಒಂದಕ್ಕೆ ಎಲ್ಲರ ಮನೇಲೂ ಹೋಳಿಗೆ ಮಾಡಿರ್ಲಿಲ್ಲ," ಎಂದರು. ಎಂಟು ವರ್ಷ ಸಂಸಾರ ಮಾಡಿದ್ದರೂ ಇದನ್ನು ನನಗೆ ಹೇಳಿರಲಿಲ್ಲ. ನನಗೆ ಸಿಟ್ಟೇ ಬಂತು.

ಸೋಮವಾರ ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನದ ರಜೆ. ಮಂಗಳವಾರ ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಹೋದರೆ ದಕ್ಷಿಣದ ಆಂಟಿ ಒಬ್ಬರೇ ಬಾಗಿಲಲ್ಲಿದ್ದರು. ಮುಖ ಬಾಡಿತ್ತು, ತುಟಿ ನೀಲಿಗಟ್ಟಿದ ಹಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಇದೇನೋ ಅದರದೇ ಲಕ್ಷಣ ಎಂದು ಗಾಬರಿಯಾದೆ. "ಅವಳು ಬರಲ್ಲ. ನಾನು ಮುಚ್ಚಿಬಿಟ್ಟು ಮಿನಿಯಾಪೊಲಿಸ್‌ಗೆ ತಮ್ಮನ ಹತ್ರ ಹೋಗ್ತೀನಿ," ಎಂದರು. ಹಿಂದೆ ಫಾರ್ಮು ತುಂಬುವಾಗ, ಆಪತ್ತಿಗೆ ಬದಲಿ ಸಹಾಯಕಿ ಎಂದು ಅವರು ನನ್ನ ಹೆಸರು ಬರೆಸಿಕೊಂಡಿದ್ದರು. ಮಾಡಿದ್ದುಣ್ಣೋ ಮಹಾರಾಯ. ಉತ್ತರದ ಆಂಟಿಯ ಜಾಗದಲ್ಲಿ ನಾನೇ ನಿಂತು, ಲ್ಯಾಬಿಗೆ ಫೋನ್ ಮಾಡಿ ರಜೆ ಕೇಳಿದೆ. ಶುಕ್ರವಾರದವರೆಗೆ ಸರಿ, ಸೋಮವಾರವೂ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಬಾಸ್ ಮೆಲುದನಿಯಲ್ಲೇ ಹೇಳಿದ. ನನ್ನ ಕೈಯಲ್ಲಿದ್ದದ್ದು ನಾಲ್ಕು ದಿನ.

ಅಂದು ಸಂಜೆ ಕ್ಷಮೆ ಕೇಳಲು ಉತ್ತರದ ಆಂಟಿಯ ಅಪಾರ್ಟ್‌ಮೆಂಟಿಗೆ ಹೋದೆ. ನನ್ನನ್ನು ಕೂರಿಸಿ, ಏಲಕ್ಕಿ ಹಾಕಿದ ಚಹಾ ಕೊಟ್ಟು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡರು.

"ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ, ನಿನಗೇನು ಗೊತ್ತು," ಎಂದರು. "ಬ್ರಿಟಿಷರು ಹೋದಮೇಲೆ ನಾವು ಐದು ದಿನ ನಮ್ಮದೇ ದೇಶ ಆಗಿದ್ವಿ. ಆಮೇಲೆ ನಾವೇ ಕಾಲಾರೆ ನಡೆದು ಹೋಗಿ ದಕ್ಷಿಣದವರನ್ನ ಸೇರಿದ್ವಿ. ಯಾರೂ ಬಲವಂತ ಮಾಡಲಿಲ್ಲ, ಅಷ್ಟು ಆಸೆಯಿತ್ತು. ಮೂವತ್ತು ವರ್ಷ ಆಗೋ ಮೊದಲೇ ಅದೇ ಸರ್ಕಾರದ ವಿಮಾನಗಳು ನಮ್ಮೂರ ಏರ್‌ಪೋರ್ಟಿಂದ ಮೇಲೆದ್ದು, ನಮ್ಮೂರ ಮೇಲೇ ಬಾಂಬ್ ಹಾಕಿದ್ವು. ಹಾಕಿ ಅಲ್ಲೇ ಇಳಿತಿದ್ವು, ಮತ್ತೆ ತುಂಬಿಕೊಂಡು ಏಳ್ತಿದ್ವು. ನನ್ನ ಅಣ್ಣ ಅಂಗಡಿ ಬಾಗಿಲು ಹಾಕ್ತಿದ್ದ. ವಿಮಾನದ ಮೇಲೆ ಏನಿತ್ತು ಗೊತ್ತಾ? ನೀಲಿ. ನೀಲಿ ಮೇಲೆ ಬಿಳಿ ನಕ್ಷತ್ರ."

ಆ ನಕ್ಷತ್ರವನ್ನು ಸಕ್ಕರೆಯಲ್ಲಿ ಬರೆಸಿ, ಊಟದ ಮೇಜಿನ ಮೇಲಿಟ್ಟು, ಶುಭಾಶಯ ಕೂಗಿದವಳು ನಾನು. ನಾಚಿಕೆಯಿಂದ ಅತ್ತುಬಿಟ್ಟೆ. ಅವರೇ ನನ್ನ ಬೆನ್ನು ಸವರಿದರು. ಈಗ ಉತ್ತರ ಬೇರೆಯಾಗಿ ತನ್ನದೇ ಬಾವುಟ ಹಾರಿಸುತ್ತಿದೆ, ಜಗತ್ತಿನಲ್ಲಿ ಯಾರೂ ಒಪ್ಪಿಲ್ಲ, ಒಪ್ಪದಿದ್ದರೂ ತನಗೆ ಅದೇ ದೇಶ ಎಂದರು. "ಅವಳಿಗೂ ಇದೆಲ್ಲ ಗೊತ್ತು. ಆರು ವರ್ಷ ಇಬ್ಬರೂ ಬಾಯಿ ಮುಚ್ಕೊಂಡು ಸುಖವಾಗಿದ್ವಿ. ಆದ್ರೆ ಅವತ್ತು ಅಂದಳಲ್ಲ ಆ ಮಾತು. ನಾನು ಬರಲ್ಲ."

ಬುಧವಾರ ನನ್ನ ಕೈಯಲ್ಲಿ ಡೇಕೇರ್ ಹೇಗೆ ನಡೆಯಿತೋ ದೇವರಿಗೇ ಗೊತ್ತು. ಡೈಪರ್ ಹಿಂದುಮುಂದಾಗಿ ಹಾಕಿದೆ. ನನ್ನ ಮಗಳು ತುತ್ತನ್ನು ನನ್ನ ಮುಖಕ್ಕೇ ಉಗುಳಿದಳು. ಹನ್ನೆರಡಕ್ಕೆ ಸರಿಯಾಗಿ ನನ್ನ ಸೆಲ್‌ಫೋನ್ ರಿಂಗಾಯಿತು. ಉತ್ತರದ ಆಂಟಿ. ಎಲ್ಲರೂ ಉಂಡರಾ, ಆ ಕಿವಿನೋವಿನ ಕೂಸಿಗೆ ಔಷಧಿ ಹಾಕಿದೆಯಾ, ಬಾಳೆಹಣ್ಣು ಹಣ್ಣಾಗಿದೆಯಾ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಗೆ ದನಿ ತಗ್ಗಿಸಿ, "ಅವಳು ಮಾತ್ರೆ ತಗೊಂಡಳಾ ನೋಡು. ನಾನು ಕೇಳಿದೆ ಅನ್ನಬೇಡ," ಎಂದರು.

ಅಯ್ಯೋ ಶಿವನೇ, ಇಷ್ಟು ಸಾಕಾಗಿತ್ತು, ನನ್ನ ಜೀವ ಅರ್ಧ ಮರಳಿ ಬಂತು. ಬಾರದವರು ಮಾತ್ರೆಯ ಚಿಂತೆ ಮಾಡುತ್ತಾರೆಯೇ?

ಗುರುವಾರವೂ ಹನ್ನೆರಡಕ್ಕೆ ಫೋನು. ಈ ಸಲ ದಕ್ಷಿಣದ ಆಂಟಿ ಒಲೆಯ ಮುಂದೆ ನಿಂತವರು, ಬೆನ್ನು ತಿರುಗಿಸಿಕೊಂಡೇ, "ಅನ್ನ ಮೆತ್ತಗೆ ಮಾಡಿದೀನಿ ಅಂತ ಹೇಳು ಅವಳಿಗೆ," ಎಂದರು. ಹೇಳಿದೆ. "ಹೋದ ವಾರವೂ ಹಾಗೇ ಅಂದಿದ್ದಳು, ಗಟ್ಟಿಯಾಗಿತ್ತು ಅನ್ನು," ಎಂದರು ಫೋನಿನಲ್ಲಿ. ಅದನ್ನೂ ಹೇಳಿದೆ. ಒಂದೇ ತಾಯ್ನುಡಿಯ ಇಬ್ಬರು ಹೆಂಗಸರ ನಡುವೆ, ಇಂಗ್ಲಿಷಿನಲ್ಲಿ ಅನ್ನದ ಸುದ್ದಿ ಸಾಗಿಸುವ ಹುಬ್ಬಳ್ಳಿಯ ದುಭಾಷಿ! ನಾಲ್ಕನೆಯ ಸಲಕ್ಕೆ ನನ್ನ ತಾಳ್ಮೆ ತಪ್ಪಿತು. "ನನಗ ಸಾಕಾತು! ನೀವs ಮಾತಾಡ್ರಿ!" ಎಂದು ಶುದ್ಧ ಕನ್ನಡದಲ್ಲಿ ಕೂಗಿ, ಫೋನನ್ನು ದಕ್ಷಿಣದ ಆಂಟಿಯ ಕೈಗೆ ತುರುಕಿದೆ.

ಮೊದಲು ಕೂಗಾಟ. ಕೂಸುಗಳನ್ನು ಪಕ್ಕದ ಕೋಣೆಗೆ ಸಾಗಿಸಿದೆ; ಗೋಡೆಯಾಚೆಯಿಂದಲೂ ಕೇಳುತ್ತಿತ್ತು. ಎಲ್ಲ ಮುಗಿಯಿತು, ನನ್ನ ನೌಕರಿಯ ಕಥೆಯೂ ಮುಗಿಯಿತು ಎಂದುಕೊಂಡೆ. ಆಮೇಲೆ ಇದ್ದಕ್ಕಿದ್ದಂತೆ ಸದ್ದಡಗಿತು. ಇಣುಕಿದರೆ, ದಕ್ಷಿಣದ ಆಂಟಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಎರಡೂ ಅಂಗೈ ಮೇಲೆ ಮಾಡಿ ನಿಂತಿದ್ದರು. ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು ಫೋನ್ ನನಗೆ ಕೊಟ್ಟರು.

"ನಾಳೆ ಬರ್ತಾಳೆ," ಎಂದರು.

"ರಾಜಿ ಆಯ್ತಾ ಆಂಟಿ?"

"ಯಾವ ರಾಜಿ? ದೇಶ ಒಂದೇ ಅಂತ ನಾನು ಈಗಲೂ ಅಂತೀನಿ, ಎರಡು ಅಂತ ಅವಳು ಅಂತಾಳೆ. ಸಾಯೋವರೆಗೂ ಅಂತಾಳೆ." ಒಲೆ ಆರಿಸಿ ಕುರ್ಚಿಯ ಮೇಲೆ ಕೂತರು. "ಆರು ವರ್ಷದಲ್ಲಿ ತನ್ನ ಅಣ್ಣನ ಹೆಸರು ಒಂದು ಸಲ ಕೇಳಿದ್ದೀಯಾ ಅಂದಳು. ಕೇಳಿರಲಿಲ್ಲ. ಇವತ್ತು ಕೇಳಿದೆ. ಹೇಳಿದಳು. ಅವನ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದಕ್ಕೆ ಹಿಂದಕ್ಕೆ ಅಷ್ಟೂ ಹೆಸರು ಹೇಳಿದಳು. ನಮ್ಮಲ್ಲಿ ಒಬ್ಬ ಮನುಷ್ಯ ಯಾರು ಅಂದ್ರೆ ಹಾಗೇ ಹೇಳೋದು. ಅವನಿಗೋಸ್ಕರ ಒಂದು ಪ್ರಾರ್ಥನೆ ಮಾಡಿದೆ."

ಶುಕ್ರವಾರ ಏಳಕ್ಕೆ ಬಾಗಿಲು ತೆರೆದಾಗ ಉತ್ತರದ ಆಂಟಿ ನಿಂತಿದ್ದರು. ನನ್ನ ಮಗಳು ನನ್ನ ತೋಳಿನಿಂದ ಅವರ ತೋಳಿಗೆ ಹಾರಿಯೇ ಬಿಟ್ಟಳು. ಇಬ್ಬರು ಆಂಟಿಯರು ಹೆಚ್ಚು ಮಾತಾಡಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. "ಐಸ್ ಇದೆಯಾ? ಇವಳ ವಸಡಿಗೆ ಬೇಕು," ಎನ್ನುತ್ತ ಉತ್ತರದ ಆಂಟಿ ಫ್ರೀಜರ್ ತೆರೆದರು. ತೆರೆದವರು ಹಾಗೇ ನಿಂತರು.

ಒಳಗೆ ನನ್ನ ಕೇಕು. ನೀಲಿಯೂ ಇಲ್ಲ, ನಕ್ಷತ್ರವೂ ಇಲ್ಲ. ಮೇಲಿನ ಕೆನೆಯನ್ನೆಲ್ಲ ಚಾಕುವಿನಿಂದ ನೀಟಾಗಿ ಕೆರೆದು ತೆಗೆದ, ಬರೀ ಹಳದಿ ಕೇಕು.

"ನಕ್ಷತ್ರ ಎಲ್ಲಿ?" ಎಂದು ಕೇಳಿದರು ಉತ್ತರದ ಆಂಟಿ.

ದಕ್ಷಿಣದ ಆಂಟಿ ಪಾತ್ರೆ ತೊಳೆಯುತ್ತ, ಇತ್ತ ತಿರುಗದೆ ಹೇಳಿದರು: "ನಿನ್ನ ಕಣ್ಣಿಗೆ ಬೀಳಬಾರದು ಅಂತ ರಜೆ ದಿನ ರಾತ್ರಿ ಕೆರೆದೆ. ಕೆರೆದಮೇಲೆ ಕಸದ ಬುಟ್ಟಿಗೆ ಹಾಕೋಕೆ ಕೈ ಬರಲಿಲ್ಲ. ನಮ್ಮಪ್ಪ ತೋರಿಸಿದ ಬಾವುಟ ಅಲ್ವಾ? ತಿಂದೆ."

"ಅಷ್ಟೂ?"

"ಅಷ್ಟೂ."

ಮಂಗಳವಾರದ ಆ ನೀಲಿ ತುಟಿಯ ಗುಟ್ಟು ನನಗೆ ಆಗ ತಿಳಿಯಿತು. ಉತ್ತರದ ಆಂಟಿ ಫ್ರೀಜರಿನ ಬಾಗಿಲು ಧಡಾರನೆ ಹಾಕಿ, ನನ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು, ಗೆಳತಿಯ ಮುಂದೆ ಹೋಗಿ ನಿಂತರು. "ಸಕ್ಕರೆ ಕಾಯಿಲೆಯವಳು! ಒಂದಿಡೀ ಬಾವುಟ ತಿಂದಿದ್ದೀಯಲ್ಲ, ನಿನಗೇನಾದ್ರೂ ಬುದ್ಧಿ ಇದೆಯಾ? ಸತ್ತುಹೋಗಿದ್ರೆ ಏನು ಮಾಡ್ಬೇಕಿತ್ತು ನಾನು? ಮಾತ್ರೆ ತಗೊಂಡ್ಯಾ ಇವತ್ತು?"

ದಕ್ಷಿಣದ ಆಂಟಿ ತಗೊಂಡಿರಲಿಲ್ಲ. ಅದಕ್ಕೆ ಮತ್ತೆ ಬೈಗುಳ ಶುರುವಾಯಿತು, ಈ ಸಲ ಅವರದೇ ಭಾಷೆಯಲ್ಲಿ, ಮತ್ತು ಬೈಸಿಕೊಳ್ಳುತ್ತಿದ್ದವರು ಸಿಂಕಿನ ಮೇಲೆ ಬಗ್ಗಿ, ಭುಜ ಕುಣಿಸಿ ನಗುತ್ತಿದ್ದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಹೊಟ್ಟೆ ಮಾತ್ರ ತಣ್ಣಗಾಯಿತು. ನಾನು ಲ್ಯಾಬಿಗೆ ಫೋನ್ ಮಾಡಿ, ಸೋಮವಾರ ಬರುತ್ತೇನೆ ಎಂದೆ.